ಹೂತ ಶವ ತೆಗೆಯುವುದಕ್ಕೆ ‘ಉತ್ಖನನ’ ಅನ್ನಬಹುದಾ?

ಪ್ರಶ್ನೆ: ಒಂದು ಸುದ್ದಿಯಲ್ಲಿ ‘ಶವದ ಉತ್ಖನನ’ ಅಂತ ಓದಿದೆ. ಇನ್ನೊಂದರಲ್ಲಿ ‘ಹೂತ ಶವ ಹೊರತೆಗೆದರು’ ಅಂತಿತ್ತು. ಇಂಗ್ಲಿಷಿನ ಎಕ್ಸ್ಯೂಮೇಷನ್‌ಗೆ ಯಾವುದು ಸರಿ? ಗುಂಪಿನ ಫೊರೆನ್ಸಿಕ್ ಡಾಕ್ಟರ್ ಹೇಳ್ತೀರಾ?

ಡಾಕ್ಟರ್: ನಾನು ‘ಹೂತ ಶವ ಹೊರತೆಗೆಯುವುದು’ ಅಂತಲೇ ಬರೆಯುತ್ತೇನೆ. ಎಕ್ಸ್ಯೂಮ್ ಅನ್ನುವ ಪದದೊಳಗೆ ಲ್ಯಾಟಿನ್‌ನ ‘ಹ್ಯೂಮಸ್’ ಇದೆ. ಹಾಗೆಂದರೆ ಮಣ್ಣು. ಕೃಷಿಯವರು ಹ್ಯೂಮಸ್ ಅನ್ನುತ್ತಾರಲ್ಲ, ಅದೇ ಪದ. ನಮ್ಮಲ್ಲೂ ಸತ್ತವರನ್ನು ‘ಮಣ್ಣು ಮಾಡಿದರು’ ಅಂತೀವಿ, ‘ಮಣ್ಣಿಗೆ ಹೋಗಿ ಬಂದೆ’ ಅಂತೀವಿ. ಆ ಮಣ್ಣಿನಿಂದ ಮತ್ತೆ ಆಚೆ ತೆಗೆಯುವುದೇ ಎಕ್ಸ್ಯೂಮೇಷನ್.

ಉತ್ಖನನ ಅಂದರೂ ಅಗೆದು ತೆಗೆಯುವುದೇ. ಖನಿಜ ಅನ್ನುವ ಪದದಲ್ಲಿರುವ ‘ಖನ್’ ಇಲ್ಲೂ ಇದೆ. ಅರ್ಥದಲ್ಲಿ ತಪ್ಪಿಲ್ಲ. ಆದರೆ ಕನ್ನಡದಲ್ಲಿ ಆ ಪದ ಪುರಾತತ್ವದವರ ಜೊತೆ ಸೇರಿಕೊಂಡಿದೆ. 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಬೃಹತ್ ಶಿಲಾ ಸಮಾಧಿಗಳನ್ನು ಅಗೆಸಿದರಲ್ಲ, ಅದು ಉತ್ಖನನ. ಅಲ್ಲಿ ಹುಡುಕುವುದು ಒಂದು ಕಾಲದ ಜನ ಹೇಗೆ ಬದುಕಿದ್ದರು ಅಂತ. ನಾವು ಹುಡುಕುವುದು ಈ ಒಬ್ಬರು ಹೇಗೆ ಸತ್ತರು ಅಂತ. ಪಕ್ಕದಲ್ಲೇ ಅವರ ತಾಯಿ ನಿಂತಿರುತ್ತಾರೆ. ಅವರ ಮುಂದೆ ಉತ್ಖನನ ಅನ್ನಲು ನನಗೆ ಬಾಯಿ ಬರುವುದಿಲ್ಲ.

ಪ್ರಶ್ನೆ: ಸಾವಿನ ಬಗ್ಗೆ ಅನುಮಾನ ಇದ್ದರೆ ಮನೆಯವರೇ ತೆಗೆಸಬಹುದಾ? ಇಷ್ಟು ವರ್ಷದೊಳಗೆ ಅಂತ ಇದೆಯಾ?

ಡಾಕ್ಟರ್: ಮನೆಯವರು ದಯವಿಟ್ಟು ಮುಟ್ಟಬೇಡಿ. ಮ್ಯಾಜಿಸ್ಟ್ರೇಟ್ ಆದೇಶ ಬೇಕು. ಮೊದಲು ಅದಕ್ಕೆ ಸಿಆರ್‌ಪಿಸಿಯ (ಹಳೆಯ ದಂಡ ಪ್ರಕ್ರಿಯಾ ಸಂಹಿತೆ) 176(3)ನೇ ಕಲಂ ಇತ್ತು. 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 196(4). ಅಲ್ಲಿ ವರ್ಷದ ಮಿತಿ ಹಾಕಿಲ್ಲ. ಸಾಧ್ಯವಿದ್ದ ಕಡೆ ಬಂಧುಗಳಿಗೆ ತಿಳಿಸಬೇಕು, ವಿಚಾರಣೆಯಲ್ಲಿ ಇರಲು ಬಿಡಬೇಕು.

ಕೆಲಸ ಬೆಳಿಗ್ಗೆ ಬೇಗ ಶುರುವಾಗುತ್ತದೆ, ಕತ್ತಲಾಗುವ ಮೊದಲು ಮುಗಿಯಲಿ ಅಂತ. ಶವದ ಜೊತೆ ಮಣ್ಣನ್ನೂ ತೆಗೆದುಕೊಳ್ಳುತ್ತೇವೆ: ಮೇಲಿಂದ, ಕೆಳಗಿಂದ, ಸ್ವಲ್ಪ ದೂರದಿಂದಲೂ. ಕೂದಲಿನಲ್ಲಿ ಆರ್ಸೆನಿಕ್ ಸಿಕ್ಕಿತು ಅಂತಿಟ್ಟುಕೊಳ್ಳಿ. ಅದು ಯಾರೋ ಕೊಟ್ಟ ವಿಷವಾ, ಸುತ್ತಲ ಮಣ್ಣಿನಿಂದ ಇಳಿದದ್ದಾ? ಹೋಲಿಸಲು ಮಣ್ಣಿಲ್ಲದಿದ್ದರೆ ಹೇಳಲು ಆಗುವುದಿಲ್ಲ. ಮನೆಯವರೇ ಅಗೆದುಬಿಟ್ಟರೆ ಈ ಸಾಕ್ಷಿ ಕಲಸಿ ಹೋಗುತ್ತದೆ.

ಪ್ರಶ್ನೆ: ರಸ್ತೆ ಅಗಲ ಮಾಡುವಾಗ ನಮ್ಮ ಅಜ್ಜನ ಮೂಳೆಗಳನ್ನು ತೆಗೆದು ತೋಟದಲ್ಲಿ ಇಟ್ಟೆವು. ಅದೂ ಇದೇನಾ?

ಡಾಕ್ಟರ್: ಇಂಗ್ಲಿಷಿನಲ್ಲಿ ಅದಕ್ಕೂ ಎಕ್ಸ್ಯೂಮ್ ಅನ್ನಬಹುದು. ಕನ್ನಡದಲ್ಲಿ ‘ಸಮಾಧಿ ಸ್ಥಳಾಂತರ’ ಅನ್ನಿ. ಅಲ್ಲಿ ತನಿಖೆ ಏನೂ ಇಲ್ಲ, ಅಜ್ಜನಿಗೆ ಜಾಗ ಬದಲಾಯಿತು ಅಷ್ಟೇ.