ಒಂದೇ ಸರ್ವರ್‌ನಲ್ಲಿ ಬಿಲ್ಲಿಂಗ್ ಮತ್ತು ವರದಿ: ನಿಧಾನಗತಿಗೆ ಪರಿಹಾರವೇನು?

ಪ್ರಶ್ನೆ:
ನಮ್ಮ ಸಗಟು ವ್ಯಾಪಾರದ ಬಿಲ್ಲಿಂಗ್ ತಂತ್ರಾಂಶ, ಪೋಸ್ಟ್‌ಗ್ರೆಸ್ ಡೇಟಾಬೇಸ್ ಹಾಗೂ ದಾಸ್ತಾನು ವರದಿ ಸಿದ್ಧಪಡಿಸುವ ಪ್ರೋಗ್ರಾಂ ಮೂರೂ ಒಂದೇ ಲಿನಕ್ಸ್ ಸರ್ವರ್‌ನಲ್ಲಿವೆ. ವರದಿ ಆರಂಭವಾದೊಡನೆ ಬಿಲ್ಲಿಂಗ್ ಪರದೆ ತಡವರಿಸುತ್ತದೆ. ವರದಿಗೆ ಸಿಪಿಯು ಮಿತಿ ಹಾಕಿದರೆ ಸಾಕೇ, ಅಥವಾ ಇನ್ನೊಂದು ಸರ್ವರ್ ಕೊಳ್ಳಲೇಬೇಕೇ?

ಉತ್ತರ 1:
ಕೊಳ್ಳುವ ಮೊದಲು ಅಳೆಯಿರಿ. ಲಿನಕ್ಸ್‌ನ ತಿರುಳಾದ ಕರ್ನಲ್‌ನ 4.20 ಆವೃತ್ತಿಯಿಂದ ಲಭ್ಯವಿರುವ ಒತ್ತಡ ಮಾಪನವು, ಕಳೆದ 10, 60 ಮತ್ತು 300 ಸೆಕೆಂಡುಗಳಲ್ಲಿ ಪ್ರೋಗ್ರಾಂಗಳು ಸಿಪಿಯು, ಮೆಮೊರಿ ಅಥವಾ ಡಿಸ್ಕ್‌ಗಾಗಿ ಶೇಕಡಾ ಎಷ್ಟು ಸಮಯ ಕಾದವು ಎಂಬುದನ್ನು ಪ್ರತ್ಯೇಕವಾಗಿ ತೋರಿಸುತ್ತದೆ. ಕೊರತೆ ಡಿಸ್ಕ್‌ನದ್ದಾಗಿದ್ದರೆ ಸಿಪಿಯು ಮಿತಿಯಿಂದ ಹೆಚ್ಚೇನೂ ಪ್ರಯೋಜನವಾಗದು.

ಉತ್ತರ 2:
ಕೊರತೆ ಸಿಪಿಯುವಿನದ್ದೇ ಆಗಿದ್ದರೆ, ಕಟ್ಟುನಿಟ್ಟಿನ ಮಿತಿಗಿಂತ ತೂಕವೇ (ಪೈಪೋಟಿಯಲ್ಲಿ ಯಾವ ಪ್ರೋಗ್ರಾಂಗೆ ಎಷ್ಟು ಪಾಲು ಎಂಬ ಅನುಪಾತ) ಉತ್ತಮವೆಂದು ನಾನು ದೃಢವಾಗಿ ಹೇಳುತ್ತೇನೆ. ಪ್ರೋಗ್ರಾಂಗಳನ್ನು ಗುಂಪು ಮಾಡಿ ಸಿಪಿಯು, ಮೆಮೊರಿ ಹಂಚುವ ಲಿನಕ್ಸ್ ಸೌಲಭ್ಯವಾದ ಸಿಗ್ರೂಪ್‌ನ ಎರಡನೆಯ ಆವೃತ್ತಿಯಲ್ಲಿ ಸಿಪಿಯು ತೂಕದ ಪೂರ್ವನಿಯೋಜಿತ ಮೌಲ್ಯ 100. ವರದಿಗೆ 20 ಕೊಟ್ಟರೆ, ಪೈಪೋಟಿ ಇರುವಾಗ ಮಾತ್ರ ಅದು ಹಿಂದೆ ಸರಿಯುತ್ತದೆ, ಸರ್ವರ್ ಬಿಡುವಾಗಿದ್ದಾಗ ಪೂರ್ಣ ವೇಗದಲ್ಲಿ ಓಡುತ್ತದೆ. ಮೆಮೊರಿಗೆ ಮೊದಲು ‘ಹೈ’ ಮಿತಿಯನ್ನು ಇಡಿ: ಅದನ್ನು ಮೀರಿದ ಪ್ರೋಗ್ರಾಂ ನಿಧಾನವಾಗುತ್ತದೆ, ಆದರೆ ‘ಮ್ಯಾಕ್ಸ್’ ಮಿತಿಯನ್ನು ಮುಟ್ಟಿ ಮೆಮೊರಿ ತೆರವಾಗದಿದ್ದರೆ ಕರ್ನಲ್ ಅದನ್ನು ಕೊಲ್ಲಬಹುದು.

ಉತ್ತರ 3:
ಮೇಲಿನದು ಸರಿ, ಆದರೆ ಒಂದು ಮುಖ್ಯ ಸಂಗತಿ ಉಳಿದಿದೆ. ವರದಿಯ ಭಾರವಾದ ಕ್ವೆರಿಗಳನ್ನು (ಡೇಟಾಬೇಸ್‌ನಿಂದ ಮಾಹಿತಿ ಕೇಳುವ ಆದೇಶಗಳನ್ನು) ನಡೆಸುವುದು ಪೋಸ್ಟ್‌ಗ್ರೆಸ್‌ನ ಪ್ರಕ್ರಿಯೆಗಳೇ ಆದ್ದರಿಂದ, ಆ ಶ್ರಮವೆಲ್ಲ ಡೇಟಾಬೇಸ್‌ನ ಲೆಕ್ಕಕ್ಕೆ ಸೇರುತ್ತದೆ; ವರದಿಯ ಪ್ರೋಗ್ರಾಂಗೆ ಹಾಕಿದ ತೂಕ ಅದನ್ನು ತಡೆಯುವುದಿಲ್ಲ. ವರದಿಗೆ ಪ್ರತ್ಯೇಕ ಡೇಟಾಬೇಸ್ ಬಳಕೆದಾರನನ್ನು ರಚಿಸಿ, ಅವನಿಗೆ ಸಂಪರ್ಕಗಳ ಮಿತಿಯನ್ನೂ ಕ್ವೆರಿಯ ಕಾಲಮಿತಿಯನ್ನೂ ನಿಗದಿಪಡಿಸಿ, ಒಂದೇ ಕ್ವೆರಿಗೆ ಹಲವು ಸಮಾಂತರ ಪ್ರಕ್ರಿಯೆಗಳು ಹುಟ್ಟದಂತೆ ನೋಡಿಕೊಳ್ಳಿ. ಅದೂ ಸಾಲದಿದ್ದರೆ, ಓದಲಷ್ಟೇ ಬಳಸುವ ಪ್ರತಿಕೃತಿ ಡೇಟಾಬೇಸ್‌ಗಾಗಿ ಎರಡನೆಯ ಸರ್ವರ್ ಕೊಳ್ಳುವುದು ನ್ಯಾಯವಾದ ಖರ್ಚು.