ಬೆಂಗಳೂರಿನ ನಟ್ಟನಡುವೆ ಇಷ್ಟು ದೊಡ್ಡ ರೇಸ್ ಕೋರ್ಸ್ ಹೇಗೆ ಬಂತು?

ಖಡೇಬಜಾರ್ ಹುಡುಗ:
ಹೋದ ವಾರ ಪರೀಕ್ಷೆ ಬರೆಯಲು ಬೆಳಗಾವಿಯಿಂದ ಬೆಂಗಳೂರಿಗೆ ಹೋಗಿದ್ದೆ. ಬೆಳಿಗ್ಗೆ ಮೆಜೆಸ್ಟಿಕ್‌ನಲ್ಲಿ ಬಸ್ಸಿಳಿದು ಆನಂದರಾವ್ ಸರ್ಕಲ್ ದಾಟಿದರೆ ಉದ್ದಕ್ಕೂ ಗೋಡೆ, ಒಳಗೆ ಕುದುರೆ! ಸಣ್ಣ ಸೈಟಿಗೂ ಕೋಟಿ ಹೇಳುವ ಊರಲ್ಲಿ ಅಷ್ಟು ಜಾಗ ಹೇಗೆ ಉಳಿಯಿತು? ನಮ್ಮೂರಲ್ಲೂ ರೇಸ್ ಕೋರ್ಸ್ ಅನ್ನೋ ಜಾಗ ಇದೆ, ಆದರೆ ನಾನು ಹುಟ್ಟಿದಾಗಿನಿಂದ ಅಲ್ಲಿ ಸುದ್ದಿ ಮಾಡಿದ್ದು 2022ರಲ್ಲಿ ಬಂದ ಚಿರತೆ ಒಂದೇ.

ಕ್ಯಾಂಪ್ ಕಾಕಾ:
ತಮ್ಮಾ, ನಮ್ಮಪ್ಪ ಆ ಗೋಡೆಯ ಒಳಗೇ ಹನ್ನೊಂದು ವರ್ಷ ಕುದುರೆ ನೋಡಿಕೊಳ್ಳುವ ಕೆಲಸ ಮಾಡಿದವರು. ನಿನ್ನ ಪ್ರಶ್ನೆ ಉಲ್ಟಾ ಇದೆ. ಊರ ನಡುವೆ ರೇಸ್ ಕೋರ್ಸ್ ಬರಲಿಲ್ಲ, ರೇಸ್ ಕೋರ್ಸ್ ಸುತ್ತ ಊರು ಬಂತು. ಆಗ ಪೇಟೆ ಒಂದು ಕಡೆ, ಬ್ರಿಟಿಷರ ದಂಡು ಇನ್ನೊಂದು ಕಡೆ. ನಡುವಿನ ಎತ್ತರದ ಬಯಲು ಈ ಹೈಗ್ರೌಂಡ್ಸ್. ಸುಮಾರು 1920ರ ಹೊತ್ತಿಗೆ ಮೈಸೂರು ಮಹಾರಾಜರ ಸರ್ಕಾರ ಅಲ್ಲಿ ಜಾಗ ಕೊಟ್ಟಿತು. ಈಗ ರೇಸ್ ನಡೆಸುವ ಟರ್ಫ್ ಕ್ಲಬ್ ಅದನ್ನು ವಹಿಸಿಕೊಂಡಿದ್ದು 1962ರಲ್ಲಿ. ಮೈಸೂರಿನ ರೇಸ್ ಕ್ಲಬ್ ಇನ್ನೂ ಹಳೆಯದು, 1891. ದಂಡು ಇದ್ದ ಕಡೆ ಕುದುರೆ, ಕುದುರೆ ಇದ್ದ ಕಡೆ ರೇಸು. ಪುಣೆಯಲ್ಲೂ ಅಷ್ಟೇ.

ಅಪ್ಪ ನಸುಕಿನ ನಾಲ್ಕಕ್ಕೆ ಏಳುತ್ತಿದ್ದರಂತೆ. ಓಡಿ ಬಂದ ಕುದುರೆಯನ್ನು ಬೆವರು ಆರುವ ತನಕ ಸುಮ್ನೆ ಸುತ್ತಾಡಿಸಬೇಕು. ಅದು ನಿಂತರೆ ಇವರಿಗೆ ಬೈಗುಳ. ಊರಿಗೆ ಬರುವಾಗ ಒಂದು ಸಲ ರೇಸ್ ಕುದುರೆಯ ಲಾಳ ತಂದರು. ಅಲ್ಯೂಮಿನಿಯಂದು, ಕೈಯಲ್ಲಿಟ್ಟರೆ ತೂಕವೇ ಇಲ್ಲ. ಟಾಂಗಾ ಕುದುರೆಯ ಕಬ್ಬಿಣದ ಲಾಳ ನೋಡಿದ್ದ ಅಜ್ಜ, 'ಇದೇನು ಮಕ್ಕಳ ಆಟಿಗೆಯೇನೋ' ಎಂದು ನಕ್ಕಿದ್ದರು. ಕಾಲಿಗೆ ಹೀಗೆ ಹಗುರ ಮಾಡುತ್ತಾರೆ, ಆದರೆ ಜಾಕಿಯ, ಅಂದರೆ ಸವಾರನ, ತೂಕ ಗೊತ್ತು ಮಾಡಿದ್ದಕ್ಕಿಂತ ಕಡಿಮೆ ಬಿದ್ದರೆ ಜೀನಿನ ಚೀಲಕ್ಕೆ ಸೀಸದ ತಗಡು ತುಂಬುತ್ತಾರೆ! ಅಪ್ಪನಿಗೆ ಕೊನೆಯವರೆಗೂ ಇದು ತಮಾಷೆಯೇ.

ಅಥಣಿ ಗಾಡಿ:
ಕಾಕಾ, ಇದು ಜೂಜಲ್ವಾ? ನಮ್ಮ ಕಡೆ ಕುದುರೆ ಗಾಡಿ ಶರ್ಯತ್ತಿನಲ್ಲಿ ಯಾರಾದರೂ ಪಣ ಕಟ್ಟಿದರೆ ಪೊಲೀಸರ ಜೀಪು ಬರುತ್ತದೆ.

ಕ್ಯಾಂಪ್ ಕಾಕಾ:
ರೇಸು ಬರೀ ಅದೃಷ್ಟದ್ದಲ್ಲ, ಚಾತುರ್ಯದ ಆಟ ಎಂದು 1996ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅಪ್ಪನ ಜೊತೆ ಕೋಣೆಯಲ್ಲಿದ್ದವನು ಅದನ್ನು ನಂಬಿದ್ದ. ಆತ ಊರಿಗೆ ಒಂದು ಮನಿಯಾರ್ಡರನ್ನೂ ಕಳಿಸಲಿಲ್ಲ. ಅಪ್ಪ ಮಾತ್ರ ಒಂದು ರೂಪಾಯಿಯನ್ನೂ ಕಟ್ಟಲಿಲ್ಲ. 'ಕುದುರೆಗೆ ಬೆಳಿಗ್ಗೆ ಹೊಟ್ಟೆ ಸರಿ ಇರಲಿಲ್ಲ ಅಂತ ನನಗೆ ಗೊತ್ತು, ಹೊರಗೆ ಟಿಕೆಟ್ ತಗೊಂಡವನಿಗೆ ಏನು ಗೊತ್ತು?' ಎನ್ನುತ್ತಿದ್ದರು.

ಜಾಗದ ಗುತ್ತಿಗೆ 2009ರ ಕೊನೆಗೇ ಮುಗಿದಿದೆ. ಕುಣಿಗಲ್‌ಗೆ ಕಳಿಸುವ ಮಾತು ಎದ್ದು ಎಷ್ಟು ವರ್ಷವಾಯಿತೋ. ಅಲ್ಲಿ ಟಿಪ್ಪು ಕಾಲದ ಕುದುರೆ ಫಾರಂ ಇದೆ, ಹಾಗಾಗಿ ಕುದುರೆಗಳಿಗೇನೂ ಬೇಜಾರಿರಲಿಕ್ಕಿಲ್ಲ. 2023ರಲ್ಲಿ ಆ ಗೋಡೆ ಪಕ್ಕದ ರಸ್ತೆಗೆ ಅಂಬರೀಶ್ ಹೆಸರಿಟ್ಟರು. ನೀನು ಆಟೋದವರಿಗೆ ಏನಂತ ಹೇಳಿದೆ?

ಖಡೇಬಜಾರ್ ಹುಡುಗ:
ರೇಸ್ ಕೋರ್ಸ್ ರೋಡ್ ಅಂತಲೇ ಹೇಳಿದೆ ಕಾಕಾ! ಆ ಲಾಳ ಇನ್ನೂ ಇದೆಯಾ? ಫೋಟೋ ಹಾಕಿ.

ಕ್ಯಾಂಪ್ ಕಾಕಾ:
ಬಾಗಿಲ ಮೇಲೆಯೇ ಇದೆ. ದೀಪಾವಳಿಗೆ ಬಣ್ಣ ಹೊಡೆಯುವ ಹುಡುಗ ಅದಕ್ಕೂ ಸೇರಿಸಿ ಹಸಿರು ಬಳಿದುಬಿಟ್ಟ. ಕೆರೆದು ತೆಗೆದ ಮೇಲೆ ಹಾಕುತ್ತೇನೆ.