ಗಾಯ ಮಾಯ್ದಿದೆ, ಈಗ ದವಡೆ ಹಿಡಿದಿದೆ: ಧನುರ್ವಾಯು ಇರಬಹುದಾ?

ಪ್ರಶ್ನೆ (ಮುಧೋಳ ತಾಲ್ಲೂಕು): ಡಾಕ್ಟರ್ ಸರ್, ನಮಸ್ಕಾರ ರೀ. ನಮ್ಮ ಅಪ್ಪನಿಗೆ 58 ವರ್ಷ. ಕಟಾವು ಮುಗಿದ ಕಬ್ಬಿನ ಹೊಲದಲ್ಲಿ ಬರಿಗಾಲಲ್ಲಿ ನಡೆಯುವಾಗ ಕೂಳೆ ಚುಚ್ಚಿತ್ತು. ಅರಿಶಿನ ಹಚ್ಚಿ ಬಟ್ಟೆ ಕಟ್ಟಿದ್ದೆವು, ವಾರದಲ್ಲಿ ಮಾಯ್ದಿತು. ನಿನ್ನೆಯಿಂದ ದವಡೆ ಹಿಡಿದು ರೊಟ್ಟಿ ಅಗಿಯಲು ಆಗುತ್ತಿಲ್ಲ. ಕುತ್ತಿಗೆಯೂ ಬಿಗಿ. ಹಲ್ಲಿನ ಡಾಕ್ಟರ್ ಹಲ್ಲು ಸರಿ ಇದೆ ಅಂದರು. ರಕ್ತ ಪರೀಕ್ಷೆಯಲ್ಲಿ ಗೊತ್ತಾಗುತ್ತಾ? ಒಂದು ಟಿಟಿ ಹಾಕಿಸಿದರೆ ಸಾಕಾ?

ಡಾಕ್ಟರ್: ದಯವಿಟ್ಟು ಈಗಲೇ ಹೊರಡಿ, ಬೆಳಗಾಗಲಿ ಅಂತ ಕಾಯಬೇಡಿ. 108ಕ್ಕೆ ಫೋನ್ ಮಾಡಿ. ಐಸಿಯು, ವೆಂಟಿಲೇಟರ್ ಇರುವ ದೊಡ್ಡ ಆಸ್ಪತ್ರೆಗೇ ಹೋಗಿ. ಬಲವಂತವಾಗಿ ನೀರು, ಗಂಜಿ ಕುಡಿಸಬೇಡಿ, ನೆತ್ತಿಗೇರುತ್ತದೆ.

ಧನುರ್ವಾಯುವನ್ನು ಖಚಿತಪಡಿಸುವ ರಕ್ತ ಪರೀಕ್ಷೆ ಇಲ್ಲ. ರೋಗಿಯನ್ನು ನೋಡಿ, ಗಾಯದ ಕತೆ ಕೇಳಿಯೇ ನಾವು ಗುರುತಿಸುತ್ತೇವೆ. ಗಂಟಲಿನ ಹಿಂಭಾಗಕ್ಕೆ ಕಡ್ಡಿ ಮುಟ್ಟಿಸಿದರೆ ಯಾರಿಗಾದರೂ ಓಕರಿಕೆ ಬರುತ್ತದೆ. ಧನುರ್ವಾಯು ಇದ್ದವರು ಆ ಕಡ್ಡಿಯನ್ನೇ ಗಟ್ಟಿಯಾಗಿ ಕಚ್ಚಿಬಿಡುತ್ತಾರೆ. ಇದನ್ನು ಮನೆಯಲ್ಲಿ ಮಾತ್ರ ಮಾಡಿ ನೋಡಬೇಡಿ. ಗಾಯದಿಂದ ತೆಗೆದ ಕೀವಿನಲ್ಲಿ ಎಷ್ಟೋ ಸಲ ರೋಗಾಣು ಸಿಗುವುದೇ ಇಲ್ಲ, ಹಾಗಂತ ರೋಗ ಇಲ್ಲ ಅನ್ನುವಂತಿಲ್ಲ. ವಾಂತಿ ನಿಲ್ಲಿಸುವ ಕೆಲವು ಮಾತ್ರೆಗಳಿಂದಲೂ ದವಡೆ ಹೀಗೇ ಹಿಡಿಯುತ್ತದೆ. ಅಪ್ಪ ಅಂಥದ್ದೇನಾದರೂ ನುಂಗಿದ್ದರೆ ಚೀಟಿ ಜೊತೆಗೆ ಒಯ್ಯಿರಿ. ಗಾಯ ಆಗಿದ್ದು ಯಾವತ್ತು ಅನ್ನುವುದನ್ನೂ ಹೇಳಿ. ಸಾಮಾನ್ಯವಾಗಿ 3ರಿಂದ 21 ದಿನದೊಳಗೆ ಲಕ್ಷಣ ಶುರುವಾಗುತ್ತದೆ. ಬೇಗ ಶುರುವಾದಷ್ಟೂ ರೋಗ ಜೋರು.

ಟಿಟಿ ಒಂದೇ ಸಾಲದು. ಅದು ಮುಂದಿನ ರಕ್ಷಣೆಗೆ. ಈಗ ಬೇಕಾಗಿರುವುದು ಟೆಟನಸ್ (ಧನುರ್ವಾಯು) ಇಮ್ಯುನೊಗ್ಲೋಬ್ಯುಲಿನ್ ಅನ್ನುವ ಸೂಜಿ. ರೋಗಾಣು ಬಿಟ್ಟ, ರಕ್ತದಲ್ಲಿ ಇನ್ನೂ ಓಡಾಡುತ್ತಿರುವ ವಿಷವನ್ನು ಅದು ಹಿಡಿದುಹಾಕುತ್ತದೆ. ನರಕ್ಕೆ ಅಂಟಿಕೊಂಡ ವಿಷವನ್ನು ಬಿಡಿಸುವ ಔಷಧಿ ಇಲ್ಲ, ಅದಕ್ಕೇ ಇಷ್ಟು ಅವಸರ ಮಾಡುತ್ತಿದ್ದೇನೆ. ಮಾಯ್ದಂತೆ ಕಂಡ ಗಾಯವನ್ನೂ ಬಿಚ್ಚಿ, ಒಳಗೆ ಸಿಬಿರು, ಸತ್ತ ಮಾಂಸ ಇದ್ದರೆ ತೆಗೆಯುತ್ತಾರೆ. ರೋಗಾಣು ಕೊಲ್ಲಲು ಮೆಟ್ರೊನಿಡಜೋಲ್ ಕೊಡುತ್ತಾರೆ. ಸೆಳೆತಕ್ಕೆ ಡಯಾಜೆಪಾಮ್, ಮೆಗ್ನೀಸಿಯಂ ಇವೆ. ಉಸಿರಾಟದ ಸ್ನಾಯು ಬಿಗಿದರೆ ವೆಂಟಿಲೇಟರ್ ಬೇಕಾಗಬಹುದು. ಸುಮ್ನೆ ಬಾಗಿಲು ಬಡಿದ ಸದ್ದಿಗೂ ಮೈ ಬಿಲ್ಲಿನಂತೆ ಸೆಟೆಯಬಹುದು. ಆಗಲೂ ಎಚ್ಚರ ಇರುತ್ತದೆ, ನೋವು ಪೂರ್ತಿ ಗೊತ್ತಾಗುತ್ತದೆ. ಅವರ ಹತ್ತಿರ ಮೆಲ್ಲಗೆ ಮಾತಾಡಿ, ನೋಡಲು ಬರುವ ನೆಂಟರನ್ನು ತಡೆಯಿರಿ. ಗುಣವಾಗಲು ವಾರಗಟ್ಟಲೆ ಬೇಕು.

ಇನ್ನೊಬ್ಬ ಸದಸ್ಯೆ (ಗೋಕಾಕ): ಸರ್, ತುಕ್ಕು ಹಿಡಿದ ಕಬ್ಬಿಣ ತಗುಲಿದರೆ ಮಾತ್ರ ಬರುತ್ತೆ ಅಂದುಕೊಂಡಿದ್ದೆ. ನಮ್ಮ ಮನೆಯವರಿಗೆ ಪ್ರತಿ ಗಾಯಕ್ಕೂ ಟಿಟಿ ಹಾಕಿಸುತ್ತೇವೆ. ಬೇಕಾ?

ಡಾಕ್ಟರ್: ತುಕ್ಕಿನದೇನೂ ತಪ್ಪಿಲ್ಲಮ್ಮ. ರೋಗಾಣು ಇರುವುದು ಮಣ್ಣು, ಸಗಣಿ, ತಿಪ್ಪೆಯಲ್ಲಿ. ಮುಳ್ಳು, ಕೂಳೆ, ಕುಡಗೋಲು ಯಾವುದರಿಂದಲೂ ಬರಬಹುದು. ಗಾಯಕ್ಕೆ ಸಗಣಿ, ಮಣ್ಣು ಮೆತ್ತುವುದನ್ನು ದಯವಿಟ್ಟು ಬಿಡಿ. ಸೋಪು ಹಚ್ಚಿ ಹರಿಯುವ ನೀರಲ್ಲಿ ತೊಳೆಯಿರಿ. ಪ್ರತಿ ಗಾಯಕ್ಕೂ ಸೂಜಿ ಬೇಡ. ಮೊದಲಿನ ಡೋಸುಗಳು ಪೂರ್ತಿ ಆಗಿದ್ದರೆ, ಕೊಳೆ ಸೇರಿದ ಅಥವಾ ಆಳವಾದ ಗಾಯಕ್ಕೆ ಕೊನೆಯ ಡೋಸ್ ಆಗಿ 5 ವರ್ಷ ದಾಟಿದ್ದರೆ ಹಾಕಿಸಿ. ಸಣ್ಣ, ಶುದ್ಧ ಗಾಯಕ್ಕೆ 10 ವರ್ಷ ಲೆಕ್ಕ. ಡೋಸ್ ಆಗಿದೆಯೋ ಇಲ್ಲವೋ ನೆನಪಿಲ್ಲದಿದ್ದರೆ ಆಗಿಲ್ಲ ಅಂತಲೇ ತಿಳಿಯಿರಿ. ಅಂಥವರಿಗೆ ಕೊಳೆ ಗಾಯವಾದರೆ ಲಸಿಕೆಯ ಜೊತೆ ಇಮ್ಯುನೊಗ್ಲೋಬ್ಯುಲಿನ್ ಕೂಡ ಬೇಕು. ಸರ್ಕಾರಿ ಆಸ್ಪತ್ರೆಯಲ್ಲಿ ಈಗ ಟಿಟಿ ಬದಲು ಟಿಡಿ ಕೊಡುತ್ತಾರೆ, ಅದರಲ್ಲಿ ಗಂಟಲಮಾರಿಗೂ ರಕ್ಷಣೆ ಇದೆ.

ಪ್ರಶ್ನೆ ಕೇಳಿದವರು: ಆಂಬುಲೆನ್ಸ್ ಬಂತು ಸರ್, ಬಾಗಲಕೋಟೆಗೆ ಹೊರಟೆವು. ಒಮ್ಮೆ ಬಂದು ಹೋದರೆ ಮತ್ತೆ ಬರಲ್ಲ ಅಲ್ವಾ?

ಡಾಕ್ಟರ್: ಬರಬಹುದು. ಈ ರೋಗ ಬಂದುಹೋದರೂ ಮೈಯಲ್ಲಿ ರಕ್ಷಣೆ ಬೆಳೆಯುವುದಿಲ್ಲ. ಆಸ್ಪತ್ರೆಯಲ್ಲೇ ಮೊದಲ ಡೋಸ್ ಹಾಕುತ್ತಾರೆ. ಉಳಿದ ಡೋಸುಗಳ ತಾರೀಖನ್ನು ಡಿಸ್ಚಾರ್ಜ್ ಚೀಟಿಯಲ್ಲಿ ಬರೆಸಿಕೊಳ್ಳಿ. ತಲುಪಿದ ಮೇಲೆ ಇಲ್ಲೇ ತಿಳಿಸಿ, ನೋಡುತ್ತಿರುತ್ತೇನೆ.